ಮೂಲೆ ಇಲ್ಲದ ಬುಗುರಿ

ನಮ್ಮ ಆಫೀಸಿನ ಕಟ್ಟಡಕ್ಕೆ ಕಟ್ಟಿಸಿದವರು ಏನೋ ಭಾರಿ ಹೆಸರಿಟ್ಟಿದ್ದರು. ಅದು ಬಾಗಿಲ ಮೇಲಿನ ಹಿತ್ತಾಳೆ ಫಲಕದಲ್ಲೇ ಉಳಿಯಿತು. ಜನ ಅದನ್ನು ಬುಗುರಿ ಎಂದರು, ಎಂದ ಮೇಲೆ ಮುಗಿಯಿತು. ಬಸ್ಸಿನ ಕಂಡಕ್ಟರ್ ಕೂಡ "ಬುಗುರಿ ಯಾರ್ರೀ, ಮುಂದೆ ಬನ್ನಿ" ಎಂದೇ ಕೂಗುವುದು. ಕೆಳಗೆ ಸಣ್ಣ, ಮೇಲೆ ಹೋದಂತೆ ದಪ್ಪ, ತಲೆಯ ಹತ್ತಿರ ಮತ್ತೆ ಸಣ್ಣ. ಮೊದಲ ಸಲ ನೋಡಿದವರಿಗೆಲ್ಲ ಇದು ಬೀಳುವುದಿಲ್ಲವೇ ಎಂಬ ಅನುಮಾನ ಬರುತ್ತದೆ. ನನಗೆ ಬರಲಿಲ್ಲ. ನನಗೆ ಅನುಮಾನ ಬರುವುದು ಮನುಷ್ಯರ ಮೇಲೆ, ಸಿಮೆಂಟಿನ ಮೇಲಲ್ಲ.

ನಾವಿರುವುದು ಬುಗುರಿಯ ಹೊಟ್ಟೆಯಲ್ಲಿ. ಇಡೀ ಅಂತಸ್ತು ಒಂದೇ ದುಂಡನೆಯ ಹಾಲು. ನಟ್ಟನಡುವೆ ಲಿಫ್ಟು, ಮೆಟ್ಟಿಲು, ಬಚ್ಚಲು, ಸಾಹೇಬರ ಕೋಣೆ ಎಲ್ಲವನ್ನೂ ಸೇರಿಸಿ ಕಟ್ಟಿದ ದಪ್ಪ ಗೋಪುರ. ಅದರ ಸುತ್ತ ಮೇಜುಗಳು. ಮೇಜುಗಳ ಆಚೆ ನುಣ್ಣನೆಯ ಬಿಳಿ ಗೋಡೆ ಸುತ್ತು ಹಾಕಿಕೊಂಡು ಬಂದು ತನ್ನನ್ನೇ ಸೇರಿಕೊಳ್ಳುತ್ತದೆ. ಹುಡುಕಿದರೂ ಒಂದು ಮೂಲೆ ಸಿಗುವುದಿಲ್ಲ. ಬೀರು ಇಟ್ಟರೆ ಹಿಂದೆ ಸಂದು. ಕಸ ಗುಡಿಸುವವಳು ಕಸವನ್ನು ಎಲ್ಲಿಗೆ ಒಟ್ಟಬೇಕೆಂದು ತಿಳಿಯದೆ ಇಡೀ ಹಾಲು ಪ್ರದಕ್ಷಿಣೆ ಹಾಕುತ್ತಾಳೆ. ಇಲ್ಲಿ ಯಾರನ್ನೂ ಮೂಲೆಗೆ ತಳ್ಳುವ ಹಾಗಿಲ್ಲವಲ್ಲ ಎಂದು ನಾನು ತಮಾಷೆ ಮಾಡುತ್ತಿದ್ದೆ. ಆ ತಮಾಷೆಯಲ್ಲಿ ನನ್ನ ಸ್ವಾರ್ಥವೂ ಇತ್ತು. ವಯಸ್ಸಾದವರನ್ನು ಆಫೀಸುಗಳಲ್ಲಿ ಮೊದಲು ತಳ್ಳುವುದು ಅಲ್ಲಿಗೇ.

ನನ್ನ ಕೆಲಸ ಹೇಳುತ್ತೇನೆ. ಔಷಧಿ ಡಬ್ಬಿ ಬಿಚ್ಚಿದರೆ ಒಳಗೆ ಮಡಿಸಿಟ್ಟ ಒಂದು ಚೀಟಿ ಇರುತ್ತದಲ್ಲ, ಇರುವೆ ಸಾಲಿನಂಥ ಅಕ್ಷರ, ಯಾರೂ ಓದದೆ ಬಿಸಾಡುವುದು? ಅದನ್ನು ಓದುವುದೇ ನನ್ನ ಕೆಲಸ. ಎಷ್ಟು ಮಾತ್ರೆ, ಊಟಕ್ಕೆ ಮುಂಚೆಯೋ ಆಮೇಲೋ, ಮಕ್ಕಳಿಗೆ ಎಷ್ಟು, ಬಸುರಿಯರು ತೆಗೆದುಕೊಳ್ಳಬಹುದೋ ಇಲ್ಲವೋ, ಎಲ್ಲ ತಾಳೆ ನೋಡಿ ಸಹಿ ಹಾಕಬೇಕು. ನನ್ನ ಸಹಿ ಬಿದ್ದ ಮೇಲೆ ಚೀಟಿಯ ಹಾಳೆಗಳನ್ನು ಕಟ್ಟು ಕಟ್ಟಿ ನೇರ ಅಚ್ಚಿಗೆ ಕಳಿಸುವುದು. ಇನ್ನೊಬ್ಬರು ನೋಡುವ ಪದ್ಧತಿಯೇ ಇಲ್ಲ. ಬೇಕಾಗಿಯೂ ಇರಲಿಲ್ಲ. ಎದುರಿಗೆ ಎಲ್ಲರೂ ನನ್ನನ್ನು ಅಕ್ಕ ಎನ್ನುತ್ತಾರೆ, ಬೆನ್ನ ಹಿಂದೆ ಹದ್ದು. ಹದ್ದಿನ ಕಣ್ಣು ಎಂಬ ಅರ್ಥದಲ್ಲಿ. ಮೂಗನ್ನು ನೋಡಿ ಇಟ್ಟಿದ್ದೆಂದು ಕೆಲವರು ಹೇಳುತ್ತಾರೆ, ಹೇಳಿಕೊಳ್ಳಲಿ.

ಗೋಡೆಗೆ ಅಂಟಿಸಿ ಮೇಜು ಹಾಕಬಾರದು, ಓಡಾಡಲು ದಾರಿ ಬಿಡಬೇಕು ಎಂದು ಇಲ್ಲಿ ನಿಯಮ. ಬೆಳಕು ಬೇಕೆಂದು ಜಗಳವಾಡಿ ನಾನು ಕಿಟಕಿ ಪಕ್ಕದ ಗೋಡೆಗೆ ಒತ್ತಿ ಕೂತೆ. ಸರಿಯಾಗಿ ನನ್ನ ಎದುರು ಭಾಗದಲ್ಲಿ, ಗೋಪುರದ ಹಿಂದೆ, ನನಗೆ ಕಾಣದ ಕಡೆ ಕುಡಿಯುವ ನೀರಿನ ಯಂತ್ರ ಇದೆ. ಅದರ ಪಕ್ಕಕ್ಕೆ ಇನ್ನೊಂದು ಮೇಜು, ಅದೂ ಗೋಡೆಗೆ ಅಂಟಿಕೊಂಡೇ. ಅಲ್ಲಿ ಕೂರುವವಳನ್ನು ನಾವು ಸೂಜಿ ಎನ್ನುತ್ತೇವೆ. ಮೈಯೂ ಹಾಗೇ, ಮಾತೂ ಹಾಗೇ. ನನಗಿಂತ ಬಹಳ ಚಿಕ್ಕವಳು, ನನ್ನ ಕೆಲಸದಲ್ಲೇ ಎರಡನೆಯವಳು. ನಾನು ಎದ್ದರೆ ನನ್ನ ಕುರ್ಚಿ ಅವಳಿಗೇ. ಇದನ್ನು ನಾನು ಒಂದು ದಿನವೂ ಮರೆತವಳಲ್ಲ.

ಇಲ್ಲಿಗೆ ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ ತಲೆನೋವೆಂದು ಗೋಡೆಗೆ ತಲೆ ಆನಿಸಿದ್ದೆ. ಯಾರೋ ಕಿವಿಯಲ್ಲೇ ಪಿಸುಗುಟ್ಟಿದರು, ತನಗೆ ಮೂರು ತಿಂಗಳೆಂದೂ ಅತ್ತೆಗೆ ಇನ್ನೂ ಹೇಳಿಲ್ಲವೆಂದೂ. ತಿರುಗಿ ನೋಡಿದರೆ ಒಂದು ನರಪಿಳ್ಳೆ ಇಲ್ಲ. ಆಮೇಲೆ ಎದ್ದು ಸುತ್ತು ಹೊಡೆದು ನೋಡಿದಾಗ ತಿಳಿಯಿತು, ನೀರು ಹಿಡಿಯುವಲ್ಲಿ ನಿಂತು ಗುಸುಗುಸು ಮಾತಾಡಿದರೆ ಆ ಮಾತು ದುಂಡು ಗೋಡೆಗುಂಟ ಜಾರಿಕೊಂಡು, ತಟ್ಟೆಯ ಅಂಚಿನಲ್ಲಿ ಗೋಲಿ ಉರುಳಿದ ಹಾಗೆ, ನನ್ನ ಕುರ್ಚಿಗೆ ಬಂದು ಸೇರುತ್ತದೆ. ನಡುವೆ ಕೂತವರಿಗೆ ಏನೂ ಕೇಳುವುದಿಲ್ಲ. ಗೋಡೆಗೂ ಕಿವಿ ಇರುತ್ತೆ ಅಂತಾರೆ. ನಮ್ಮ ಗೋಡೆಗೆ ಬಾಯಿ ಇತ್ತು.

ಯಾರಿಗೂ ಹೇಳಲಿಲ್ಲ. ಯಾಕೆ ಹೇಳಲಿ? ಮೂಲೆ ಇಲ್ಲದ ಕಟ್ಟಡದಲ್ಲಿ ಗುಟ್ಟು ಮಾತಾಡುವವರೆಲ್ಲ ನೀರಿನ ನೆಪ ಮಾಡಿಕೊಂಡು ಅಲ್ಲಿಗೇ ಹೋಗುತ್ತಿದ್ದರು. ಯಾರು ಕೆಲಸ ಬಿಡುತ್ತಾರೆ, ಯಾರ ಮನೆಯಲ್ಲಿ ಯಾರು ಮಾತು ಬಿಟ್ಟಿದ್ದಾರೆ, ಸಾಹೇಬರಿಗೆ ಯಾರು ಚಾಡಿ ಹೇಳಿದರು, ಎಲ್ಲ ನನಗೆ ಮೊದಲು. ಅಕ್ಕನಿಗೆ ಹೇಗೋ ಗೊತ್ತಾಗಿಬಿಡುತ್ತದೆ ಎಂದು ಜನ ಬೆರಗಾದರೆ ನನಗೆ ಹಾಲು ಕುಡಿದಷ್ಟು ಸಂತೋಷ.

ಹೋದ ವರ್ಷದಿಂದ ಕಣ್ಣು ಕೈಕೊಡಲು ಶುರುವಾಯಿತು. ಏನನ್ನು ನೋಡಿದರೂ ನಟ್ಟನಡುವೆ ಒಂದು ಮಸಿ. ಅಂಚು ಕಾಣುತ್ತದೆ, ನಡು ಇಲ್ಲ. ಎದುರಿಗೆ ನಿಂತವರ ಕಿವಿ ಕಂಡು ಮೂಗು ಕಾಣದು. ಡಾಕ್ಟರರು ಕಣ್ಣಿನ ಪರದೆ ಸವೆದಿದೆ ಎಂದರು, ಹನಿ ಹಾಕಿಕೊಳ್ಳಲು ಕೊಟ್ಟರು, ಹೋದದ್ದು ಬರುವುದಿಲ್ಲ ಎಂದೂ ಸೇರಿಸಿದರು. ನಾನು ಆಫೀಸಿನಲ್ಲಿ ಉಸಿರೆತ್ತಲಿಲ್ಲ. ಕೆಲಸ ಹೋದರೆ ಮಗಳ ಮನೆಗೆ ಹೋಗಬೇಕು. ಮಗಳು ಒಳ್ಳೆಯವಳೇ, ಅಳಿಯನೂ ಕೆಟ್ಟವನಲ್ಲ. ಆದರೂ ಇಷ್ಟು ವರ್ಷ ನನ್ನ ಕಣ್ಣಿನಿಂದ ನನ್ನ ಅನ್ನ ತಿಂದವಳು ನಾನು. ಅಳಿಯನ ಮನೆಯ ಸೋಫಾದ ಮೇಲೆ ಕೂತು, ಟೀವಿಯಲ್ಲಿ ಏನು ಬರ್ತಿದೆ ಮಗಾ ಎಂದು ಕೇಳುವ ಬಾಳು ನನಗೆ ಬೇಡ. ದಿನಾ ಊಟದ ಹೊತ್ತಿಗೆ ಮಗಳು ಫೋನು ಮಾಡುತ್ತಿದ್ದಳು. ನಡುಹಾಲಿನವರಿಗೆ ಕೇಳದಿರಲೆಂದು ಗೋಡೆಯ ಕಡೆ ಮುಖ ಮಾಡಿ ಮೆಲ್ಲಗೆ ಮಾತಾಡುತ್ತಿದ್ದೆ, ಒಂದೆರಡು ಸಲ ಅತ್ತೂ ಇದ್ದೆ.

ಕೆಲಸ ಹೇಗೆ ನಡೆಸಿದೆ ಎಂದರೆ, ಚೀಟಿಗಳೆಲ್ಲ ಹೆಚ್ಚು ಕಡಿಮೆ ಒಂದೇ ಅಚ್ಚಿನವು. ಬಾಯಿಪಾಠ. ಭೂತಗನ್ನಡಿ ಹಿಡಿದು, ಕತ್ತು ವಾರೆ ಮಾಡಿ, ಮಸಿಯ ಪಕ್ಕದಿಂದ ನೋಡಿದರೆ ಸಾಲಿನ ತಲೆ ಬಾಲ ಸಿಗುತ್ತಿತ್ತು. ನಡುವಿನದನ್ನು ಅನುಭವ ತುಂಬುತ್ತಿತ್ತು. ಹಾಗಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಹೀಗಿರುವಾಗ ಗೋಡೆ ಒಂದು ದಿನ ನನ್ನದೇ ಸುದ್ದಿ ತಂದಿತು. ಸೂಜಿಯ ದನಿ. "ಅಕ್ಕನ ಕಣ್ಣಿಗೆ ಬೀಳಬಾರದು ಮಾವ. ಅವರು ಸಹಿ ಹಾಕಿ ಕಳಿಸಿದ ತಕ್ಷಣ ಕಟ್ಟು ನನಗೆ ತಂದುಕೊಡಿ. ವ್ಯಾನ್ ಬರೋದರೊಳಗೆ ವಾಪಸ್ ಕೊಡ್ತೀನಿ." ಮಾವ ಎಂದರೆ ಅವಳ ಮಾವನಲ್ಲ, ವ್ಯಾನಿನಲ್ಲಿ ಅಚ್ಚಿನ ಮನೆಗೆ ಕಟ್ಟು ರವಾನಿಸುವವನು, ಇಡೀ ಆಫೀಸಿಗೇ ಮಾವ. ಆತ ಹೂಂ ಎಂದ.

ನನ್ನ ಕಿವಿ ನೆಟ್ಟಗಾಯಿತು. ನನ್ನ ಕಣ್ಣಿಗೆ ಬೀಳಬಾರದ್ದು ಏನಿದೆ ಇವರಿಬ್ಬರ ನಡುವೆ? ಅವತ್ತಿನಿಂದ ತಲೆಯೊಳಗೆ ಹುಳ ಬಿಟ್ಟ ಹಾಗಾಯಿತು. ಸೂಜಿ ನಕ್ಕರೆ ಯಾಕೆ ನಕ್ಕಳು, ನಗದಿದ್ದರೆ ಯಾಕೆ ನಗಲಿಲ್ಲ. ಟೀ ಕೊಡುವ ಚಿಕ್ಕಮ್ಮ ನನ್ನ ಲೋಟವನ್ನು ಕೈಗೇ ಕೊಡತೊಡಗಿದ್ದಳು, ಮೊದಲೆಲ್ಲ ಮೇಜಿನ ಮೇಲೆ ಕುಕ್ಕಿ ಹೋಗುತ್ತಿದ್ದವಳು. ಇದೇನು ಹೊಸ ಮರ್ಯಾದೆ? ಮೆಟ್ಟಿಲ ಹತ್ತಿರ ಯಾರೋ ನನ್ನ ಮೊಳಕೈ ಹಿಡಿದು ದಾರಿ ಬಿಟ್ಟರು. ಹೊರಗೆ ಕಳಿಸುವ ಮುಂಚೆ ಹೀಗೇ ಉಪಚಾರ ಮಾಡುತ್ತಾರೆ ಎಂದುಕೊಂಡೆ.

ಪರೀಕ್ಷೆ ಮಾಡಿಬಿಡೋಣವೆಂದು ಹಾಳೆಗಳ ಒಂದು ಕಟ್ಟಿಗೆ ನನ್ನದೇ ರೀತಿಯ ಗಂಟು ಹಾಕಿ ಕಳಿಸಿದೆ. ಸ್ವಲ್ಪ ಹೊತ್ತು ಬಿಟ್ಟು ಏನೋ ಮರೆತವಳ ಹಾಗೆ ರವಾನೆಯ ಮೇಜಿಗೆ ಹೋಗಿ ಕಟ್ಟನ್ನು ಮುಟ್ಟಿದೆ. ಗಂಟು ಬೇರೆಯಾಗಿತ್ತು. ಬಿಚ್ಚಿ ಹಾಳೆ ತಿರುವಿದೆ. ನಾನು ಬಳಸುವುದು ಪೆನ್ಸಿಲ್. ಅಲ್ಲಲ್ಲಿ ಕೆಂಪು ಕಾಣಿಸಿತು, ಅಂಚುಗಣ್ಣಿಗೆ. ನೆಟ್ಟು ನೋಡಿದರೆ ಮಸಿ. ಏನು ಬರೆದಿದ್ದಾಳೆ ಎಂದು ಎಷ್ಟು ತಿಣುಕಿದರೂ ಸಿಕ್ಕಲಿಲ್ಲ. ಯಾರ ಹತ್ತಿರ ಓದಿಸಲಿ? ಓದಿಸಿದರೆ ನನ್ನ ಗುಟ್ಟು ನಾನೇ ಬಿಟ್ಟುಕೊಟ್ಟ ಹಾಗೆ. ಮಾವ ಮಾತ್ರ ಎಲ್ಲೋ ನೋಡುತ್ತ ನಿಂತಿದ್ದ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇವನ ಹೆಗಲನ್ನು ನಾನೇ ನೋಡಿದೆ.

ಲೆಕ್ಕ ನನಗೆ ಸ್ಪಷ್ಟವಾಯಿತು. ನನ್ನ ಹಾಳೆಗಳಲ್ಲಿ ತಪ್ಪು ತುಂಬಿಸುತ್ತಿದ್ದಾಳೆ. ನಾಳೆ ಅಚ್ಚಾಗಿ ಬಂದ ಮೇಲೆ, ನೋಡಿ ಸಾರ್ ನಿಮ್ಮ ಹದ್ದಿನ ಕೆಲಸ ಎಂದು ತೋರಿಸುತ್ತಾಳೆ. ಕುರ್ಚಿ ಅವಳಿಗೆ, ಸೋಫಾ ನನಗೆ. ಇನ್ನು ಸುಮ್ಮನಿರುವುದು ನನ್ನ ಜಾಯಮಾನವಲ್ಲ. ನೇರ ಸಾಹೇಬರ ಕೋಣೆಗೆ ಹೋದೆ. ನನ್ನ ಸಹಿ ಆದ ಕಟ್ಟುಗಳನ್ನು ಆಕೆ ಕದ್ದು ಬಿಚ್ಚುತ್ತಿದ್ದಾಳೆ, ಮಾವನನ್ನು ಕೇಳಿ, ಸುಳ್ಳಾದರೆ ನನ್ನ ಹೆಸರು ಬದಲಿಸಿ ಎಂದೆ. ಸಾಹೇಬರು ಮಾತು ಕಡಿಮೆಯ ಮನುಷ್ಯ. ಇಬ್ಬರನ್ನೂ ಕರೆಸಿದರು. ಮಾವ ನೆಲ ನೋಡಿದ. ಸೂಜಿ ನನ್ನ ಕಡೆ ತಿರುಗಿದಳು. ಮುಖ ನನಗೆಲ್ಲಿ ಕಾಣಬೇಕು, ಕಿವಿಯ ಓಲೆ ಕಂಡಿತು.

"ಹೌದು ಸಾರ್, ತಗೋತಿದ್ದೆ," ಎಂದಳು. "ನನಗೆ ಅಕ್ಕನ ಸೀಟು ಬೇಕಿತ್ತು. ತಪ್ಪು ಹುಡುಕ್ತಿದ್ದೆ."

"ಸಿಕ್ತಾ?"

"ಇಲ್ಲ ಸಾರ್. ಒಂದೂ ಸಿಗಲಿಲ್ಲ."

ಸಾಹೇಬರು ಅಲ್ಲೇ ತೀರ್ಮಾನ ಮಾಡಿದರು. ಅವಳನ್ನು ಕೆಳಗಿನ ದಾಸ್ತಾನು ಕೋಣೆಗೆ ಹಾಕಿದರು, ಬುಗುರಿಯ ಮೊಳೆ ಇರುವ ಜಾಗಕ್ಕೆ. ಅಲ್ಲಿ ಹಳೆಯ ಡಬ್ಬಿಗಳು, ಧೂಳು, ಒಂದೇ ಒಂದು ದೀಪ. ನಾನು ಗೆದ್ದು ಬಂದು ಕುರ್ಚಿಯಲ್ಲಿ ಕೂತೆ. ಮನಸ್ಸು ತಣ್ಣಗಾಗಬೇಕಿತ್ತು, ಆಗಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು. ಗೆಲುವಿನ ಮೇಲೂ ನನಗೆ ಅನುಮಾನ. ಕೆಂಪು ಗುರುತುಗಳನ್ನು ನಾನೇ ನೋಡಿದ್ದೇನೆ. ಅಷ್ಟೊಂದು ಗುರುತು ಹಾಕಿದವಳು ಒಂದೂ ತಪ್ಪು ಸಿಗಲಿಲ್ಲ ಎಂದಳೇಕೆ? ಸುಳ್ಳು ಹೇಳುವವರು ತಮಗೆ ಲಾಭವಾಗುವ ಸುಳ್ಳು ಹೇಳುತ್ತಾರೆ. ಇವಳು ತನ್ನ ಕತ್ತಿಗೆ ತಾನೇ ಹಗ್ಗ ಹಾಕಿಕೊಳ್ಳುವ ಸುಳ್ಳು ಹೇಳಿದಳಲ್ಲ, ಇದರೊಳಗೆ ಇನ್ನೂ ದೊಡ್ಡ ಮಸಲತ್ತು ಇರಬೇಕು.

ಮರುದಿನ ಬೆಳಿಗ್ಗೆ ಒಂದು ಕಟ್ಟು ಮುಗಿಸಿ, ಸಹಿ ಹಾಕಿ, ಮಾವನಿಗೆ ಕಳಿಸಿದೆ. ಊಟಕ್ಕೆ ಎಲ್ಲರೂ ಎದ್ದು ಹೋದ ಮೇಲೆ ಸೂಜಿಯ ಖಾಲಿ ಮೇಜಿಗೆ ಹೋದೆ, ಬಿಟ್ಟು ಹೋದದ್ದು ಏನಾದರೂ ಇದೆಯೇ ನೋಡೋಣವೆಂದು. ಡ್ರಾಯರು ತೆಗೆದು ಕೈಯಾಡಿಸಿದೆ. ಕೆಂಪು ಪೆನ್ನು, ಬಾಚಣಿಗೆ, ಅಷ್ಟೇ. ಸುಸ್ತಾಗಿ ಅವಳ ಕುರ್ಚಿಯಲ್ಲೇ ಗೋಡೆಗೆ ಒರಗಿ ಕೂತೆ.

ಆಗ ನನ್ನ ಕಿವಿಯಲ್ಲಿ ಫೋನು ಹೊಡೆದುಕೊಂಡಿತು. ನನ್ನದೇ ಫೋನಿನ ಸದ್ದು, ಅಲ್ಲಿ ನನ್ನ ಮೇಜಿನ ಮೇಲೆ ಬಿಟ್ಟು ಬಂದದ್ದು. ಯಾರೋ ಎತ್ತಿದರು. ಟೀ ಚಿಕ್ಕಮ್ಮನ ದನಿ, ಪಕ್ಕದಲ್ಲೇ ನಿಂತ ಹಾಗೆ, ಅದೂ ಅವಳು ತಗ್ಗಿಸಿಕೊಂಡು ಆಡಿದ ದನಿ. "ಅಮ್ಮ ಸೀಟಲ್ಲಿಲ್ಲ ಕಣಮ್ಮ. ಹೂಂ. ಕಣ್ಣಿಗೆ ಹನಿ ಹಾಕ್ಕೊಂಡ್ರಾ ಅಂತ ಕೇಳ್ಬೇಕಾ? ಕೇಳ್ತೀನಿ. ಇಲ್ಲ ಇಲ್ಲ, ನಾನು ಯಾರಿಗೂ ಬಾಯಿ ಬಿಡಲ್ಲ."

ಕೂತಲ್ಲೇ ಕಲ್ಲಾದೆ. ಅಲ್ಲಾ, ಎಂಥ ಮಂಕುದಿಣ್ಣೆ ನಾನು. ಅಲ್ಲಿಂದ ಇಲ್ಲಿಗೆ ಬರುವ ಮಾತು ಇಲ್ಲಿಂದ ಅಲ್ಲಿಗೆ ಹೋಗದೇ ಇರುತ್ತದೆಯೇ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಕತೆಯಾಯಿತು. ಒಂದು ವರ್ಷದಿಂದ ಗೋಡೆಗೆ ಮುಖ ಮಾಡಿ ಮಗಳಿಗೆ ಹೇಳಿದ್ದೆಲ್ಲ, ಮಸಿ, ಹನಿ, ಸೋಫಾ, ಅಳು, ಎಲ್ಲವೂ ಇದೇ ಕುರ್ಚಿಗೆ ಬಂದು ಬಿದ್ದಿದೆ. ನೀರು ಹಿಡಿಯಲು ಬಂದವರೆಲ್ಲ ಕೇಳಿದ್ದಾರೆ. ಅದಕ್ಕೇ ಲೋಟ ಕೈಗೆ ಬರುತ್ತಿದ್ದದ್ದು, ಮೊಳಕೈ ಹಿಡಿಯುತ್ತಿದ್ದದ್ದು. ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯದ ಸಿಟ್ಟು. ಅದನ್ನು ಹೊತ್ತುಕೊಂಡೇ ಲಿಫ್ಟಿನಲ್ಲಿ ಕೆಳಗಿಳಿದೆ.

ಸೂಜಿ ಡಬ್ಬಿಗಳ ನಡುವೆ ಸ್ಟೂಲಿನ ಮೇಲೆ ಕೂತು ಬುತ್ತಿ ಬಿಚ್ಚಿದ್ದಳು. ನನ್ನನ್ನು ಕಂಡು ಮುಚ್ಚಳ ಹಾಕಿದಳು. ನಿನಗೆ ಎಲ್ಲ ಕೇಳಿಸುತ್ತಿತ್ತಲ್ಲವೇ ಎಂದೆ. ಹೌದೆಂದಳು. ನಿನ್ನ ಮಾತೂ ನನಗೆ ಕೇಳಿಸುತ್ತಿತ್ತು, ಅಕ್ಕನ ಕಣ್ಣಿಗೆ ಬೀಳಬಾರದು ಎಂದದ್ದೂ ಸೇರಿ ಎಂದೆ. ಅವಳು ಹಣೆಗೆ ಕೈ ಹಚ್ಚಿಕೊಂಡಳು. ಅವಳೂ ನನ್ನ ಹಾಗೇ, ಕೇಳುವವಳು ತಾನೊಬ್ಬಳೇ ಎಂದುಕೊಂಡಿದ್ದಳು. ಇಬ್ಬರದೂ ಒಂದೇ ಜಾಣತನ. ಬೇರೆ ಹೊತ್ತಾಗಿದ್ದರೆ ನಕ್ಕುಬಿಡುತ್ತಿದ್ದೆ.

ಆ ಕೆಂಪು ಗುರುತು ಏನು ಎಂದು ಕೇಳಿದೆ.

"ಉಬ್ಬಬೇಡಿ ಅಕ್ಕಾ, ನಿಮ್ಮ ಮೇಲೆ ಪ್ರೀತಿ ಉಕ್ಕಿ ಮಾಡಿದ್ದಲ್ಲ," ಎಂದಳು. "ಮಕ್ಕಳ ಸಿರಪ್ಪಿನ ಚೀಟೀಲಿ ಅರ್ಧ ಚಮಚ ಅನ್ನೋದು ಆರು ಚಮಚ ಅಂತಾಗಿತ್ತು. ಕೆಳಗೆ ನಿಮ್ಮ ಸಹಿ. ಅದು ನನ್ನ ಕೈಗೆ ಸಿಕ್ಕಿದ್ದು ಆಕಸ್ಮಿಕ. ನನ್ನ ಮನೇಲೂ ಮಗು ಇದೆ. ಅವತ್ತಿಂದ ನೋಡದೆ ಬಿಡೋಕೆ ಆಗಲಿಲ್ಲ."

ಅರ್ಧ, ಆರು. ಹೌದು, ನಡು ಕಾಣದವಳಿಗೆ ಎರಡೂ ಒಂದೇ. ಒಂದು ದೊಡ್ಡ ಡಬ್ಬಿಯ ಮೇಲೆ ಕೂತೆ. ನನ್ನ ಮುಖಕ್ಕೇ ಯಾಕೆ ಹೇಳಲಿಲ್ಲ, ಸಾಹೇಬರ ಮುಂದೆ ಯಾಕೆ ಸುಳ್ಳು ಹೇಳಿದೆ ಎಂದು ಗದರಿದೆ. ದನಿ ಗದರಿಕೆಯಂತೆ ಹೊರಡಲಿಲ್ಲ.

"ನೀವು ಹೇಳಿದ್ದು ಮಗಳಿಗೆ, ನನಗಲ್ಲ," ಎಂದಳು. "ಕದ್ದು ಕೇಳಿದ್ದನ್ನ ಯಾವ ಮುಖ ಇಟ್ಕೊಂಡು ಹೇಳ್ಲಿ?"

ಈ ಮಾತು ನನಗೆ ಚುಚ್ಚಿದಷ್ಟು ಅವಳ ಇನ್ಯಾವ ಮಾತೂ ಚುಚ್ಚಿರಲಿಲ್ಲ. ಕದ್ದು ಕೇಳಿದ್ದನ್ನೇ ನಾನು ಇಷ್ಟು ಕಾಲ ಎಲೆಯಡಿಕೆಯ ಹಾಗೆ ಜಗಿದು ಮೆರೆದವಳು. ತಾ ಕಳ್ಳ ಪರರ ನಂಬ ಎಂದು ಸುಮ್ಮನೆ ಹೇಳಿಲ್ಲ. ಸೀರೆಯ ಸೆರಗನ್ನು ಎಳೆದುಕೊಳ್ಳುತ್ತ ಕೂತಿದ್ದೆ. ಸೂಜಿಯೇ ಎದ್ದು ನಿಂತಳು.

"ಅಕ್ಕಾ, ಇವತ್ತು ಬೆಳಿಗ್ಗೆ ಕಟ್ಟು ಕಳಿಸಿದ್ರಾ?"

ಕಳಿಸಿದೆ ಎಂದೆ.

"ಅದನ್ನ ಯಾರು ನೋಡಿದ್ರು?"

ಯಾರೂ ನೋಡಿರಲಿಲ್ಲ. ನೋಡುವವಳನ್ನು ನಾನೇ ಇಲ್ಲಿಗೆ ತಳ್ಳಿದ್ದೆ. ಲಿಫ್ಟು ಮೇಲೆಲ್ಲೋ ಸಿಕ್ಕಿಕೊಂಡಿತ್ತು. ಅವಳ ಭುಜ ಹಿಡಿದು ಮೆಟ್ಟಿಲು ಹತ್ತಿದೆ, ಏದುಸಿರು ಬಿಡುತ್ತ, ದೇವರೇ ವ್ಯಾನು ಹೋಗಿರದಿರಲಿ ಎಂದು ಬೇಡಿಕೊಳ್ಳುತ್ತ. ನನ್ನ ಕುರ್ಚಿ, ಮಗಳ ಮನೆಯ ಸೋಫಾ ಯಾವುದೂ ಆಗ ತಲೆಯಲ್ಲಿರಲಿಲ್ಲ. ಯಾವುದೋ ಮನೆಯಲ್ಲಿ ಯಾರೋ ತಾಯಿ ಚೀಟಿ ಓದಿಕೊಂಡು ಚಮಚಕ್ಕೆ ಔಷಧಿ ಬಗ್ಗಿಸುತ್ತಿರುವುದೇ ಕಣ್ಣ ಮುಂದೆ ಬರುತ್ತಿತ್ತು, ಮಸಿ ಇಲ್ಲದೆ.

ಮಾವ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ವ್ಯಾನಿನವನ ಜೊತೆ ಲಿಫ್ಟಿಗೆ ಕಾಯುತ್ತಿದ್ದ. ಕಿತ್ತುಕೊಂಡೆ. ನಡುಹಾಲಿನ ಮೇಜಿನ ಮೇಲೆ ಹಾಕಿ ಗಂಟು ಬಿಚ್ಚಿದೆ. ಊಟ ಮುಗಿಸಿ ಬಂದವರೆಲ್ಲ ಅಲ್ಲಲ್ಲೇ ನಿಂತರು. ಕೆಳಗೆ ಹಾಕಿದವಳು ಮೇಲೇಕೆ ಬಂದಳು ಎಂದು ಸಾಹೇಬರು ಕೋಣೆಯಿಂದ ಹೊರಗೆ ಬಂದರು. ಯಾರಿಗೂ ಉತ್ತರ ಕೊಡದೆ ಹಾಳೆಗಳನ್ನು ಸೂಜಿಯ ಕೈಗಿಟ್ಟೆ. ಪಿಸುಮಾತು ಬೇಡ, ಗಟ್ಟಿಯಾಗಿ ಓದು ಎಂದೆ.

ಅವಳು ಓದತೊಡಗಿದಳು. ಮೊದಲ ಹಾಳೆ ಸರಿಯಿತ್ತು, ಎರಡನೆಯದೂ ಸರಿಯಿತ್ತು. ನನ್ನ ಉಸಿರು ಸ್ವಲ್ಪ ಕೆಳಗಿಳಿಯಿತು. ಮೂರನೆಯದರಲ್ಲಿ ರಕ್ತದೊತ್ತಡದ ಮಾತ್ರೆಯ ಹೆಸರು ಓದಿದಳು, ಯಾರು ತೆಗೆದುಕೊಳ್ಳಬೇಕೆಂದು ಓದಿದಳು, ಬಸುರಿಯರು ಎಂಬಲ್ಲಿಗೆ ಬಂದು ನಿಂತುಬಿಟ್ಟಳು.

"ಯಾಕೆ ನಿಲ್ಲಿಸಿದೆ? ಏನಿದೆ ಅದರಲ್ಲಿ?" ಎಂದು ಸಾಹೇಬರು ಕೇಳಿದರು.

"ಏನಿಲ್ಲ ಸಾರ್," ಎಂದಳು ಸೂಜಿ. "ಟೈಪ್ ಮಾಡಿದವರದೇ ಏನೋ ತಪ್ಪು..."

ನಾನು ಮುಂದೆ ಹೋಗಿ ಅವಳ ಕೈಯಿಂದ ಹಾಳೆ ತೆಗೆದುಕೊಂಡು ಸಾಹೇಬರ ಎದುರು ಹಿಡಿದೆ.

"ಅದರಲ್ಲಿ ಏನಿದೆ ಅಂತ ನನ್ನನ್ನ ಕೇಳಿ ಸಾರ್. ನನಗೆ ಗೊತ್ತಿಲ್ಲ. ಒಂದು ವರ್ಷದಿಂದ ನಾನು ಏನನ್ನೂ ಓದಿಲ್ಲ. ಸಹಿ ಮಾತ್ರ ನಂದು."